ಮೂರರ ಮೇಲಿನ ಗುಡ್ಡೆ

ಶುಕ್ರವಾರ ವಾರದ ರಜೆ, ಬೆಳಿಗ್ಗೆ ಮಸ್ಕತ್ತಿನಲ್ಲಿ ಯಾರೂ ಬೇಗ ಏಳುವುದಿಲ್ಲ. ನಾವು ಮಾತ್ರ ಎದ್ದು ಬೌಷರಿನ ಒಂದು ನರ್ಸಿಂಗ್ ಕಾಲೇಜಿನ ಮೀಟಿಂಗ್ ರೂಮಿನಲ್ಲಿ ಕೂತಿರುತ್ತಿದ್ದೆವು. ನಾವು ಅಂದರೆ, ಡ್ಯೂಟಿ ಮಾಡುತ್ತಲೇ ಪಿಎಚ್‌ಡಿ ಓದುತ್ತಿದ್ದ ಕೆಲವು ಹಿರಿಯ ನರ್ಸುಗಳು, ಮತ್ತು ಅವರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡಲು ಬಂದ ನಾನು. ವಯಸ್ಸಿನಲ್ಲಿ, ಓದಿನಲ್ಲಿ ಎಲ್ಲರೂ ನನಗಿಂತ ದೊಡ್ಡವರು. ನನ್ನದು ಮೈಸೂರಿನ ಬಿ.ಕಾಂ., ಅಷ್ಟೇ. ಮೊದಲಿದ್ದ ಮೇಡಂ ಊರಿಗೆ ಹೊರಟುಹೋದರು, ಬೇರೆ ಯಾರೂ ಸಿಗಲಿಲ್ಲ. ಹಾಗಾಗಿ ಪಕ್ಕದ ಆಸ್ಪತ್ರೆಯ ಕ್ವಾಲಿಟಿ ಆಫೀಸಿನಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಿದ್ದ ನನ್ನನ್ನು ಕರೆದರು.

ಕರೆದವರು ಆ ನರ್ಸುಗಳ ಗೈಡ್, ಬೆಂಗಳೂರಿನವರು. ಎಲ್ಲರಿಗೂ ಅವರು ಸರ್. ಮೊದಲ ದಿನವೇ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದರು: “ನೋಡಪ್ಪ, ಥಿಯರಿ ಗಿಯರಿ ಬೇಡ. ಯಾವ ಟೆಸ್ಟಿಗೆ ಯಾವ ಬಟನ್ ಅಂತ ತೋರಿಸ್ಬಿಡು, ಸಾಕು. ಪಾಪ, ಡ್ಯೂಟಿ ಮುಗಿಸ್ಕೊಂಡು ಬಂದಿರ್ತಾರೆ.”

ಆ ‘ಪಾಪ’ ನನಗೆ ಹಿಡಿಸಲಿಲ್ಲ. ಮಗುವಿನ ತೂಕ ನೋಡಿ ಡ್ರಿಪ್ಪಿನ ಲೆಕ್ಕವನ್ನು ನಿಂತಲ್ಲೇ ಮಾಡುವವರು ಇವರು. ಇವರಿಗೆ ಬಟನ್ ಸಾಕು ಎಂದು ತೀರ್ಮಾನಿಸಿದ್ದು ಯಾರು? ಹೂಂ ಎಂದು ತಲೆಯಾಡಿಸಿ ಒಳಗೆ ಹೋದೆ. ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಎಲ್ಲರಿಗೂ ಒಂದೊಂದು ಗ್ರಾಫ್ ಹಾಳೆ ಹಂಚಿ, ನಿಮ್ಮ ನಿಮ್ಮ ಅಂಕಿಗಳಿಗೆ ಒಂದೊಂದಾಗಿ ಚುಕ್ಕಿ ಇಡಿ ಎಂದೆ.

ಪುತ್ತೂರು ಕಡೆಯ ಒಬ್ಬರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದೆಂತ ಮಾರಾಯ, ಎಲ್‌ಕೆಜಿಯಾ?”

ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಎಲ್‌ಕೆಜಿಯೇ ಅಕ್ಕ, ನಾನೂ ಅಲ್ಲೇ ಕಲಿತದ್ದು ಎಂದೆ. ಸುಳ್ಳಲ್ಲ. ಮೊದಲು ನಾನು ಕೆಲಸಕ್ಕಿದ್ದದ್ದು ರುಸೈಲ್‌ನ ಪ್ಲಾಸ್ಟಿಕ್ ಪೈಪಿನ ಫ್ಯಾಕ್ಟರಿಯಲ್ಲಿ. ಪೈಪಿನ ದಪ್ಪ ಅಳೆದು ಬರೆದ ಹಾಳೆಗಳು ನನ್ನ ಮೇಜಿಗೆ ಬರುತ್ತಿದ್ದವು. ಅಳತೆ ಮಿತಿ ದಾಟಿದರೆ ಮೆಷಿನ್ ನಿಲ್ಲಿಸಬೇಕು, ನಿಲ್ಲಿಸಿದರೆ ಬೈಗುಳ. ಹಾಗಾಗಿ ಯಾವ ಅಳತೆಯೂ ಮಿತಿ ದಾಟುತ್ತಿರಲಿಲ್ಲ. ಎಲ್ಲವೂ ಗೆರೆಯ ಈಚೆಗೇ ಒತ್ತಿಕೊಂಡು ಕೂತಿರುತ್ತಿದ್ದವು. ಇದು ಯಾಕೆ ಹೀಗೆ ಎಂದು ಹುಡುಕುತ್ತಾ ಹೋಗಿಯೇ ನನಗೆ ಈ ಹುಚ್ಚು ಹಿಡಿದದ್ದು. ಕಂಪನಿ ಬಸ್ಸಿನಲ್ಲಿ ಮೊಬೈಲ್ ಹಿಡಿದು ವಿಡಿಯೋ ನೋಡಿ ಕಲಿತೆ. ಅರ್ಥವಾಗದಿದ್ದರೆ ಮತ್ತೆ ನೋಡಿದೆ. ಬಸ್ಸು ಹೇಗೂ ಟ್ರಾಫಿಕ್ಕಿನಲ್ಲೇ ಇರುತ್ತಿತ್ತು.

ಅಕ್ಕನ ಗಂಡ ಒಮಾನಿನ ದಕ್ಷಿಣ ತುದಿಯಲ್ಲಿರುವ ಸಲಾಲಾದ ಬಂದರಿನಲ್ಲಿ ಕೆಲಸಕ್ಕಿದ್ದರು. ಮಗಳು ಅಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ. ಅಕ್ಕ ಒಬ್ಬರೇ ಬೌಷರಿನ ನರ್ಸುಗಳ ಹಾಸ್ಟೆಲಿನಲ್ಲಿ. ಪಿಎಚ್‌ಡಿ ಮುಗಿದರೆ ಸಲಾಲಾದಲ್ಲೇ ಪಾಠ ಮಾಡುವ ಕೆಲಸ ಕೊಡುತ್ತೇವೆ ಎಂದು ಅಲ್ಲಿಯ ಒಂದು ಕಾಲೇಜು ಒಪ್ಪಿತ್ತು. ಉಳಿದದ್ದು ಮುಂದಿನ ವಾರದ ಸೆಮಿನಾರ್ ಒಂದೇ. ಅದರಲ್ಲಿ ಪಾಸಾದರೆ ಥೀಸಿಸ್ ಕೊಟ್ಟು ಹೊರಡುವುದು. ಈ ಸಲದ ಖರೀಫಿಗೆ, ಅಂದರೆ ಸಲಾಲಾದ ತುಂತುರು ಮಳೆಗೆ, ನಾನು ಅಲ್ಲೇ ಎಂದು ಎಲ್ಲರಿಗೂ ಹೇಳಿಯಾಗಿತ್ತು.

ಅವರ ವಿಷಯ ನೋವು. ಆಪರೇಷನ್ ಆದವರ ನೋವನ್ನು ಹೇಗೆ ಅಳೆದು ತಗ್ಗಿಸಬೇಕು ಎಂದು ವಾರ್ಡಿನ ನರ್ಸುಗಳಿಗೆ ತರಬೇತಿ ಕೊಟ್ಟಿದ್ದರು. ಅದಕ್ಕೆ ಮೊದಲು, ಅದರ ನಂತರ, ಚಾರ್ಟಿನಲ್ಲಿ ಬರೆದಿದ್ದ ನೋವಿನ ಅಂಕಗಳನ್ನು ಹೋಲಿಸಿದ್ದರು. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ ನೋವು. ತರಬೇತಿಯ ನಂತರ ಸರಾಸರಿ ಚೆನ್ನಾಗಿ ಇಳಿದಿತ್ತು. ಸರ್ ಖುಷಿಯಾಗಿದ್ದರು.

ಅಕ್ಕ ಅಂಕ ಓದುತ್ತಾ ಹೋದರು, ಪಕ್ಕದಲ್ಲಿದ್ದ ಒಮಾನಿ ಸಿಸ್ಟರ್ ಚುಕ್ಕಿ ಇಡುತ್ತಾ ಹೋದರು. ಮೊದಲಿನ ಅಂಕಗಳು ಅಲ್ಲಲ್ಲಿ ಚೆದುರಿದ್ದವು. ತರಬೇತಿಯ ನಂತರದವು ಮೂರರ ಮೇಲೆ ಗುಡ್ಡೆಯಾಗಿ ಏರಿದವು. ಪಕ್ಕದ ನಾಲ್ಕು ಬರಿದೋ ಬರಿದು. ನನಗೆ ರುಸೈಲ್ ನೆನಪಾಯಿತು.

“ಅಕ್ಕ, ನಾಲ್ಕು ಎಲ್ಲಿ ಹೋಯ್ತು?”

ಒಮಾನಿ ಸಿಸ್ಟರ್ ಪೆನ್ ಕೆಳಗಿಟ್ಟು ನಕ್ಕುಬಿಟ್ಟರು. “ಖಲಾಸ್,” ಎಂದರು. ಆಮೇಲೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ನನಗೆ ಬಿಡಿಸಿ ಹೇಳಿದರು. ಅಂಕ ನಾಲ್ಕು ದಾಟಿದರೂ ಸರಿ, ಬರೀ ನಾಲ್ಕೇ ಆದರೂ ಸರಿ, ಡಾಕ್ಟರಿಗೆ ಫೋನ್ ಮಾಡಬೇಕು, ಔಷಧಿ ಕೊಡಿಸಬೇಕು, ಮತ್ತೆ ಬಂದು ಅಳೆದು ಬರೆಯಬೇಕು. ಒಬ್ಬ ನರ್ಸಿನ ಕೈಯಲ್ಲಿ ಅಷ್ಟು ಮಂಚ. ರೋಗಿಯ ಸುತ್ತ ನೆಂಟರು ತುಂಬಿರುತ್ತಾರೆ, ಅವರೆದುರು ರೋಗಿ ‘ಶ್ವಯ್ಯ’ ಎನ್ನುತ್ತಾಳೆ, ಸ್ವಲ್ಪ ಅಂತ. ಮೂರು ಹಾಕಲಾ ಎಂದು ನರ್ಸ್ ಕೇಳುತ್ತಾಳೆ, ಆಕೆ ತಲೆಯಾಡಿಸುತ್ತಾಳೆ. ವಾರ್ಡಿಗೆ ವಾರ್ಡೇ ಹೀಗೆ. ತರಬೇತಿಯಲ್ಲಿ ಈ ನಿಯಮವನ್ನು ಒತ್ತಿ ಒತ್ತಿ ಹೇಳಿದ್ದರಿಂದ, ಮೊದಲು ಅಲ್ಲೊಂದು ಇಲ್ಲೊಂದು ಬರುತ್ತಿದ್ದ ನಾಲ್ಕು, ಐದು ಕೂಡ ನಿಂತುಹೋಗಿದ್ದವು.

ಅಕ್ಕ ನಗಲಿಲ್ಲ. ಹಾಳೆಯನ್ನು ನೋಡುತ್ತಾ ಕೂತರು. ಎಲ್ಲರೂ ಎದ್ದು ಹೋದ ಮೇಲೆ ಕೇಳಿದರು: “ನೀನಿದನ್ನು ಕೇಳದೇ ಇದ್ದಿದ್ರೆ ಎಂತ ಆಗ್ತಿತ್ತು?”

“ಪಾಸ್ ಆಗ್ತಿದ್ರಿ ಅಕ್ಕ.”

“ಹಾಂ. ಅದೇ.”

ಸರ್‌ಗೆ ಸುದ್ದಿ ಹೋಗಿ, ಭಾನುವಾರ ನನ್ನನ್ನು ಕರೆಸಿದರು. ಫಲಿತಾಂಶ ಬಂದಾಗಿದೆ, ಪಿ ವ್ಯಾಲ್ಯೂ ಚಿಕ್ಕದಿದೆ, ಇನ್ನೇನು ಕೆದಕುತ್ತೀಯ ಎಂದರು. ಪಿ ವ್ಯಾಲ್ಯೂ ಅಂದರೆ, ನಿಜಕ್ಕೂ ಏನೂ ಬದಲಾಗದೆ ಇದ್ದಿದ್ದರೆ ಇಷ್ಟು ದೊಡ್ಡ ವ್ಯತ್ಯಾಸ ಕಾಣುವುದು ಎಷ್ಟು ಅಪರೂಪ ಎಂದು ಹೇಳುವ ಅಂಕಿ. ಬದಲಾದದ್ದು ನೋವೋ, ಬರೆಯುವ ಕೈಯೋ ಎಂದು ಅದು ಹೇಳುವುದಿಲ್ಲ. ಅದನ್ನೇ ಹೇಳಿದೆ.

“ನಿಂದು ಯಾವ ಯೂನಿವರ್ಸಿಟಿಯಪ್ಪ? ಮೊಬೈಲ್ ಯೂನಿವರ್ಸಿಟಿ ತಾನೆ?”

“ಹೌದು ಸರ್. ಅಲ್ಲೂ ಮೊದಲು ಡೇಟಾ ನೋಡು ಅಂತಾನೇ ಹೇಳ್ಕೊಟ್ರು.”

ಏನೂ ತೊಂದರೆಯಿಲ್ಲ, ಹೀಗೇ ಮುಂದುವರಿಸಿ ಎಂದು ಅಕ್ಕನಿಗೆ ಫೋನ್ ಮಾಡಿ ಹೇಳು ಎಂದರು. ಹೇಳುವುದಿಲ್ಲ ಎಂದೆ. ಮುಂದಿನ ಬ್ಯಾಚಿಗೆ ನೀನು ಬೇಡ ಎಂದರು. ಆಯ್ತು ಎಂದೆ.

ಆದರೆ ತಪ್ಪಿಹೋಗುವ ಖರೀಫ್ ನನ್ನದಲ್ಲವಲ್ಲ. ಅಕ್ಕ ಏನು ಮಾಡುತ್ತಾರೆ ಎಂದು ನನಗೂ ಗೊತ್ತಿರಲಿಲ್ಲ. ಸೆಮಿನಾರಿನ ದಿನ ಹಿಂದಿನ ಸಾಲಿನಲ್ಲಿ ಕೂತೆ. ಅವರು ಮೊದಲ ಸ್ಲೈಡ್ ಹಾಕಿದರು. ಪೆನ್ನಿನ ಚುಕ್ಕಿಗಳ ಆ ಹಾಳೆಯ ಫೋಟೋ, ಮೂಲೆಯಲ್ಲಿ ಚಹಾದ ಕಲೆ ಸಮೇತ. ಸರ್ ಕನ್ನಡಕ ತೆಗೆದು ಒರೆಸತೊಡಗಿದರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು, ಹಾಗಾದರೆ ನೋವು ಕಡಿಮೆಯಾಯಿತೋ ಇಲ್ಲವೋ ಎಂದು ಕೇಳಿದರು. ಗೊತ್ತಿಲ್ಲ ಎಂದರು ಅಕ್ಕ. ನಾನು ಅಳೆದದ್ದು ನೋವನ್ನಲ್ಲ, ಡಾಕ್ಟರಿಗೆ ಫೋನ್ ಮಾಡಲು ನಮಗಿರುವ ಹಿಂಜರಿಕೆಯನ್ನು ಎಂದರು. ನಿಮ್ಮ ವಾರ್ಡಿನಲ್ಲಿ ಹಾಗೆ ಬರೆಯುವವರು ಯಾರು ಎಂದು ಸರ್ ಕೇಳಿದರು, ಸ್ವಲ್ಪ ಗಟ್ಟಿಯಾಗಿಯೇ. ನಾನೂ ಬರೆದಿದ್ದೇನೆ ಸರ್, ಹೊಸಬರಿಗೆ ಹಾಗೆ ಬರೆಯಲು ಹೇಳಿಕೊಟ್ಟವಳೂ ನಾನೇ ಎಂದರು ಅಕ್ಕ. ಇಂಗ್ಲಿಷಿನಲ್ಲೇ ಹೇಳಿದ್ದು. ಧ್ವನಿ ಮಾತ್ರ ವಾರ್ಡಿನಲ್ಲಿ ನೆಂಟರನ್ನು ಹೊರಗೆ ಕಳಿಸುವಾಗ ಬರುವ ಧ್ವನಿ.

ಪರೀಕ್ಷಕರು ಪಾಸ್ ಮಾಡಲಿಲ್ಲ. ಪ್ರಶ್ನೆ ಒಳ್ಳೆಯದು, ಅಂಕಿಗಳನ್ನು ಹೊಸದಾಗಿ ಸಂಗ್ರಹಿಸಿ ಬನ್ನಿ ಎಂದರು. ಕಾರಿಡಾರಿನಲ್ಲಿ ಅಕ್ಕ ಗಂಡನಿಗೆ ಫೋನ್ ಮಾಡಿ ತುಳುವಿನಲ್ಲಿ ಮಾತಾಡಿದರು. ನನಗೆ ಅರ್ಥವಾದದ್ದು ‘ಇಜ್ಜಿ’ ಒಂದೇ, ಇಲ್ಲ ಎಂದು. ಅದನ್ನೇ ಹಲವು ಸಲ ಹೇಳಿದರು. ಆಮೇಲೆ ಮಗಳು ಫೋನಿಗೆ ಬಂದಿರಬೇಕು, ಗೋಡೆಗೆ ಮುಖ ತಿರುಗಿಸಿಕೊಂಡರು. ನಾನು ದೂರ ನಿಂತೆ.

ಮಾತು ಮುಗಿಸಿ ಬಂದು ಹೇಳಿದರು: “ಇನ್ನು ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ. ಹೇಗೆ ಕೇಳುದು ಅಂತ ಸರಿಯಾಗಿ ಹೇಳಿಕೊಡು.”

ಮೀಟಿಂಗ್ ರೂಮ್ ನಮಗೆ ಸಿಗಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತೆವು, ಶುಕ್ರವಾರವೇ. ಒಮಾನಿ ಸಿಸ್ಟರ್ ಕೂಡ ಬಂದರು, ಜೊತೆಗೆ ಒಂದಿಬ್ಬರನ್ನು ಕರೆತಂದರು. ನಿಯಮ ಬರೆದುಕೊಂಡೆವು: ನೋವು ಕೇಳುವವರು ಚಾರ್ಟ್ ಬರೆಯುವವರಾಗಿರಬಾರದು. ನೆಂಟರು ಪರದೆಯ ಆಚೆ ಇರಬೇಕು. ಅಂಕವನ್ನು ರೋಗಿಯೇ ಬೆರಳಿನಿಂದ ತೋರಿಸಬೇಕು, ನಾವು ಬಾಯಿ ಬಿಡಬಾರದು. ಎಷ್ಟೇ ಬರಲಿ, ಫೋನ್ ಮಾಡುವುದಿದ್ದರೆ ಮಾಡಲೇಬೇಕು. ಕೊನೆಯದನ್ನು ಸೇರಿಸಿದ್ದು ಅಕ್ಕ.

ಸಲಾಲಾದಲ್ಲಿ ತುಂತುರು ಶುರುವಾಗಿತ್ತು. ಮಗಳು ಕಳಿಸಿದ ಹಸಿರು ಬೆಟ್ಟದ ಫೋಟೋ ತೋರಿಸಿ, ಅಕ್ಕ ಫೋನ್ ಮಗುಚಿಟ್ಟರು. ಹೊಸ ಗ್ರಾಫ್ ಹಾಳೆ ಎಳೆದುಕೊಂಡು ಏಳರ ಮೇಲೆ ಒಂದು ಚುಕ್ಕಿ ಇಟ್ಟರು.

“ನಿನ್ನೆ ಒಬ್ಬರು ಅಜ್ಜಿ. ಮೂರು ದಿನದಿಂದ ಚಾರ್ಟಲ್ಲಿ ಮೂರೇ ಇತ್ತು.”

ಡಾಕ್ಟರ್ ಏನಂದರು ಎಂದು ಕೇಳಿದೆ.

“ಬೈದ್ರು,” ಎಂದರು ಅಕ್ಕ. “ಬಂದ್ರು.”