ಹೀಟರಿನ ಕೊಳವೆಗೆ ಸುತ್ತಿದ ಟೇಪು

ಹಮೀದಣ್ಣ, ಆ ಗಾಡಿಯ ಹೀಟರನ್ನು ನಾನು ಟೆಸ್ಟ್ ಮಾಡಿರಲಿಲ್ಲ. ಮಾಡಿದ್ದೇನೆ ಎಂದು ನಿಮಗೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ನೀವು ಹಿಮಕ್ಕೆ ಹೋದಿರಿ, ಕೈಬೆರಳು ಕಳೆದುಕೊಂಡು ಬಂದಿರಿ. ಆಮೇಲೆ, ತಪ್ಪು ನಿಮ್ಮದೇ ಇರಬೇಕು ಎಂದು ನೀವೇ ಅಂದುಕೊಂಡಾಗ ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ — ಒಂದು ಮಾತು ಆಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇದನ್ನು ಬರೆದಿಟ್ಟುಕೊಂಡು, ಓದಿ, ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕೆಂದಿದ್ದೇನೆ. ಬರೆಯದೆ ಮಾತಾಡಲು ಹೊರಟರೆ ನಡುವೆ ಎಲ್ಲೋ ಜಾರಿಕೊಳ್ಳುತ್ತೇನೆ. ನನ್ನನ್ನು ನಾನು ಇಷ್ಟು ವರ್ಷದಲ್ಲಿ ಅಷ್ಟಾದರೂ ತಿಳಿದುಕೊಂಡಿದ್ದೇನೆ. ನಿಮಗೆ ಗೊತ್ತಿರುವುದನ್ನೂ ಮೊದಲಿಂದ ಹೇಳುತ್ತೇನೆ. ನಿಮ್ಮ ಮನೆಯವರು ಹಾಜಿರಕ್ಕ, ಮಗಳು, ಅಳಿಯ — ಅವರೂ ಕೂತು ಕೇಳಬೇಕು. ನಿಮ್ಮ ಕೈ ಹೋದದ್ದು ಹೇಗೆ ಎಂದು ಅವರಿಗೆ ಯಾರೂ ನಿಜ ಹೇಳಿಲ್ಲ. ನಿಮಗೇ ಗೊತ್ತಿಲ್ಲದ್ದನ್ನು ನೀವಾದರೂ ಹೇಗೆ ಹೇಳಿಯೀರಿ?

ಕಳೆದ ವಾರ ಉಳ್ಳಾಲದಿಂದ ನಿಮ್ಮ ಮೆಸೇಜ್ ಬಂತು. ಇಲ್ಲಿ ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನ ಕೆಳಗೆ ಕಾರು ನಿಲ್ಲಿಸಿ ಅಲ್ಲೇ ಕೇಳಿದೆ. "ಬಸವರಾಜ್ ಸರ್, ಅಳಿಯನಿಗೆ ಅಲ್ಲಿ ಡ್ರೈವರ್ ವೀಸಾ ಆಯ್ತು. ಹೊಸ ಗಾಡಿಗಳ ಬಟನ್ ಎಲ್ಲ ನೀವೇ ಕೂತು ಕಲಿಸಿ ಕೊಡಿ, ಆಯ್ತಾ? ನನ್ನ ಹಾಗೆ ಆಗುದು ಬೇಡ. ನಾನು ಇಲ್ಲಿ ಮಕ್ಳಿಗೆಲ್ಲ ಹೇಳುದು ಅದೇ — ಬಟನ್ ಗೊತ್ತಿಲ್ಲದೆ ಕೈ ಕಳ್ಕೊಂಡ ದಡ್ಡ ನಾನು, ನೀವು ಸರಿ ಕಲ್ತು ಹೋಗಿ ಅಂತ." ಹೇಳಿ ನೀವು ನಕ್ಕಿರಿ. ನಾನು ಸ್ಟೀರಿಂಗ್ ಹಿಡಿದು ಕೂತೇ ಇದ್ದೆ. ಹೆಂಡತಿ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ.

ಮೊದಲಿನದು ಹೇಳುತ್ತೇನೆ. ನಿಮ್ಮ ಅರ್ಬಾಬ್ — ನೀವು ಡ್ರೈವರಾಗಿದ್ದ ಮನೆಯ ಯಜಮಾನ — ಮರಳು ಸಾಕೆನಿಸಿ ಹಿಮದ ಹುಚ್ಚು ಹತ್ತಿಸಿಕೊಂಡಿದ್ದ. ಜನವರಿಯಲ್ಲಿ ಗೆಳೆಯರ ಜೊತೆ ಪೂರ್ವ ಟರ್ಕಿಯ ಗುಡ್ಡಗಳಲ್ಲಿ ಗಾಡಿ ಓಡಿಸಬೇಕು. ಅದಕ್ಕೆ ಯಾವ ಗಾಡಿ ಕೊಳ್ಳಲಿ, ಹೇಗೆ ತಯಾರು ಮಾಡಲಿ ಎಂದು ಕೇಳಿದ್ದು ನನ್ನನ್ನು. ಗದಗಿನಲ್ಲಿ ಡಿಪ್ಲೊಮಾ ಓದಿ, ಇಲ್ಲಿನ ಗ್ಯಾಸ್ ಪ್ಲಾಂಟಿನಲ್ಲಿ ಜನರೇಟರ್ ನೋಡಿಕೊಂಡು, ಆಮೇಲೆ ವರ್ಕ್‌ಶಾಪ್ ಸೇರಿದವನು ನಾನು. ಫ್ರಿಜ್ಜಿನ ಒಳಗಲ್ಲದೆ ಬೇರೆಲ್ಲೂ ಹಿಮ ಕಂಡವನಲ್ಲ. ಆದರೂ ಕೇಳಿದನಲ್ಲ ಎಂದು ಉಬ್ಬಿಹೋದೆ.

ಉಬ್ಬಿದ್ದಕ್ಕೆ ತಕ್ಕಂತೆ ಕೆಲಸವನ್ನೂ ಮಾಡಿದೆ — ಅದನ್ನು ಅಲ್ಲಗಳೆಯುವುದಿಲ್ಲ. ಓದಿದೆ, ವಿಡಿಯೋ ನೋಡಿದೆ, ಚಳಿ ದೇಶದ ಮೆಕ್ಯಾನಿಕ್‌ಗಳಿಗೆ ಮೇಲ್ ಹಾಕಿ ಪೀಡಿಸಿದೆ. ಶೋರೂಮಿನವರು ಕನ್ನಡಿಯಂತೆ ಹೊಳೆಯುವ ದೊಡ್ಡ ಗಾಲಿ ತೋರಿಸಿದರೆ, ಬೇಡ, ಸಣ್ಣ ಗಾಲಿಗೆ ದಪ್ಪ ಟೈರು ಇರಲಿ ಎಂದು ಅರ್ಬಾಬನ ಎದುರೇ ಜಗಳವಾಡಿದೆ. ಮರಳಿನ ಟೈರು ತೆಗೆಸಿ, ಮೊಳೆ ಹೊಡೆದ ಚಳಿಗಾಲದ ಟೈರು ತರಿಸಿದೆ. ತೆಳುವಾದ ಎಂಜಿನ್ ಆಯಿಲ್, ದೊಡ್ಡ ಬ್ಯಾಟರಿ, ಹೆಪ್ಪುಗಟ್ಟದ ಕೂಲಂಟ್. ಇಲ್ಲಿನ ಎಷ್ಟೋ ಗಾಡಿಗಳ ರೇಡಿಯೇಟರಿನಲ್ಲಿ ಬರೀ ನಲ್ಲಿ ನೀರು ತುಂಬಿರುತ್ತದೆ, ಇಲ್ಲಿ ಅದು ನಡೆದುಹೋಗುತ್ತದೆ. ಅಲ್ಲಿ ಅದೇ ನೀರು ಎಂಜಿನ್ನನ್ನು ಸೀಳಿಬಿಡುತ್ತದೆ ಎಂದು ನೀವು ಬಂದಾಗಲೆಲ್ಲ ದೊಡ್ಡ ಪಂಡಿತನಂತೆ ಪಾಠ ಹೇಳುತ್ತಿದ್ದೆ. ಖರ್ಜೂರ ತಣ್ಣಗಿಡಲು ಸೀಟುಗಳ ನಡುವೆ ಪುಟ್ಟ ಫ್ರಿಜ್ ಇತ್ತಲ್ಲ, ಅದನ್ನು ತೋರಿಸಿ ನೀವು, "ಇದೊಂದು ಅಲ್ಲಿಗೆ ಬೇಡ ಮಾರಾಯ್ರೆ, ಬಾಗಿಲು ತೆಗೆದ್ರೆ ಸಾಕು" ಎಂದಿದ್ದಿರಿ. ಇಬ್ಬರೂ ಎಷ್ಟು ನಕ್ಕಿದ್ದೆವು.

ಕೊನೆಗೆ ಉಳಿದದ್ದು ಹೀಟರ್. ಎಂಜಿನ್ ನಿಂತಿದ್ದರೂ ಟ್ಯಾಂಕಿನಿಂದ ತೊಟ್ಟು ತೊಟ್ಟೇ ಪೆಟ್ರೋಲ್ ಹೀರಿ, ಉರಿದು, ಒಳಗನ್ನು ಬೆಚ್ಚಗಿಡುವ ಸಣ್ಣ ಪೆಟ್ಟಿಗೆ. ಉರಿಯಲು ಅದಕ್ಕೆ ಗಾಳಿ ಬೇಕು. ಆ ಗಾಳಿ ಎಳೆದುಕೊಳ್ಳುವ ಕೊಳವೆ ಗಾಡಿಯ ಅಡಿಯಲ್ಲಿರುತ್ತದೆ. ಅದನ್ನು ಕೂರಿಸಿದವನು ನಾನು, ಬೇರೆ ಯಾರೂ ಕೈ ಹಚ್ಚಲಿಲ್ಲ. ಆ ವಾರ ಧೂಳೆದ್ದಿತ್ತು. ನಮ್ಮ ವರ್ಕ್‌ಶಾಪಿನ ರೂಢಿ ನಿಮಗೂ ಗೊತ್ತು: ತೆರೆದ ಕೊಳವೆ ಕಂಡರೆ ಮೊದಲು ಅದರ ಬಾಯಿಗೆ ಟೇಪು ಸುತ್ತು, ಆಮೇಲೆ ಮುಂದಿನ ಕೆಲಸ. ಸುತ್ತದಿದ್ದರೆ ಸಂಜೆಯೊಳಗೆ ಒಳಗೆಲ್ಲ ಮರಳು. ನಾನೂ ಸುತ್ತಿದೆ. ಕಪ್ಪು ಕೊಳವೆ, ಕಪ್ಪು ಟೇಪು. ಟೆಸ್ಟಿನ ದಿನ ಬಿಚ್ಚಿದರಾಯಿತು ಅಂದುಕೊಂಡೆ.

ಟೆಸ್ಟನ್ನು ವರ್ಕ್‌ಶಾಪಿನಲ್ಲಿ ಮಾಡುವಂತಿರಲಿಲ್ಲ. ಸುತ್ತಲೂ ಬೆಚ್ಚಗಿದ್ದರೆ ಆ ಹೀಟರ್ ಹೊತ್ತಿಕೊಳ್ಳುವುದೇ ಇಲ್ಲ, ತನಗೇನೂ ಕೆಲಸವಿಲ್ಲ ಎಂದು ಸುಮ್ಮನಿರುತ್ತದೆ. ಅದಕ್ಕೆ ನಾವು ಕಂಡುಕೊಂಡ ದಾರಿ ಕೋಳಿ-ಮೀನಿನ ಕೋಲ್ಡ್ ಸ್ಟೋರ್. ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನ ಮಲಯಾಳಿ ಮ್ಯಾನೇಜರ್ ಪರಿಚಯದವನು. ಶುಕ್ರವಾರ ಬೆಳಿಗ್ಗೆ ಲಾರಿಗಳ ಗದ್ದಲ ಇರುವುದಿಲ್ಲ. ಆಗ ಹೆಪ್ಪುಗಟ್ಟಿದ ಕೋಳಿಯ ಪೆಟ್ಟಿಗೆಗಳ ನಡುವೆ ಗಾಡಿ ನಿಲ್ಲಿಸಿ, ಚೆನ್ನಾಗಿ ತಣ್ಣಗಾದ ಮೇಲೆ ಬಾಗಿಲ ಬಳಿ ತಂದು ಹೀಟರ್ ಹಚ್ಚಿ ನೋಡುವುದು. ಆ ವಾರದ ಶುಕ್ರವಾರಕ್ಕೆ ಹಾಗೆಂದು ಮಾತಾಗಿತ್ತು.

ಆ ಶುಕ್ರವಾರ ನನಗೆ ನಾಟಕದ ತಾಲೀಮು ಇತ್ತು.

ಇಷ್ಟೇ ಕಾರಣ, ಹಮೀದಣ್ಣ. ಎಷ್ಟು ಹುಡುಕಿದರೂ ಇದಕ್ಕಿಂತ ದೊಡ್ಡದು ಸಿಗಲಿಲ್ಲ. ರಾಜ್ಯೋತ್ಸವಕ್ಕೆ ನಾಟಕ, ಅಬು ಹಮೂರ್ ಬಡಾವಣೆಯ ಗೆಳೆಯರೊಬ್ಬರ ವಿಲ್ಲಾದಲ್ಲಿ ತಾಲೀಮು, ನನಗೆ ರಾಜನ ಪಾತ್ರ. ವಾರವೆಲ್ಲ "ಯಲ್ಲಾ, ಯಲ್ಲಾ" — ಬೇಗ, ಬೇಗ — ಎಂದು ಓಡಿಸಿಕೊಳ್ಳುವವನಿಗೆ ಶುಕ್ರವಾರ ನಾಲ್ಕು ಜನ "ಮಹಾಪ್ರಭು" ಎಂದು ಬಾಗಿದರೆ ಎಂಥ ಸುಖ ಗೊತ್ತೇ! ಮುಂದಿನ ಶುಕ್ರವಾರಕ್ಕೆ ಕಾಯುವಂತಿರಲಿಲ್ಲ, ಅಷ್ಟರಲ್ಲಿ ಗಾಡಿ ಹಡಗು ಹತ್ತಬೇಕಿತ್ತು. ಗೋದಾಮಿನವನಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ. ಹೊಸ ಪೆಟ್ಟಿಗೆ, ಕೆಡುವುದೆಲ್ಲಿ ಬಂತು ಎಂದು ನನಗೆ ನಾನೇ ಹೇಳಿಕೊಂಡೆ. ಟೇಪಿನ ನೆನಪು — ಬರಲೇ ಇಲ್ಲ. ಬಂದಿದ್ದರೆ ಬಿಚ್ಚುತ್ತಿದ್ದೆ ಎಂದು ಮಾತ್ರ ಹೇಳಬಲ್ಲೆ, ಆದರೆ ಅದರಿಂದ ಏನಾಗಬೇಕು ಈಗ?

ಮರುದಿನ ನೀವು ಗಾಡಿ ಒಯ್ಯಲು ಬಂದಿರಿ. ನಜ್ಮಾ ಪೇಟೆಯ ಯಾವುದೋ ಅಂಗಡಿಯಲ್ಲಿ ಉಣ್ಣೆಯ ಟೊಪ್ಪಿ, ಕೈಗವಸು ಕೊಂಡಿದ್ದಿರಿ. ಆ ಬಿಸಿಲಲ್ಲಿ ಟೊಪ್ಪಿ ಹಾಕಿ ತೋರಿಸಿ, "ಅಲ್ಲ ಸರ್, ಅಲ್ಲಿ ಉಗುಳಿದ್ರೆ ಉಗುಳೂ ಕಲ್ಲಾಗ್ತದಂತೆ, ಹೌದಾ?" ಎಂದಿರಿ. ತಮಾಷೆ ಮಾಡುತ್ತಿದ್ದಿರಿ, ಆದರೆ ಹೆದರಿದ್ದಿರಿ. ಅದು ನನಗೆ ಕಾಣುತ್ತಿತ್ತು. ಅದಕ್ಕೇ ಧೈರ್ಯ ತುಂಬುವ ಹುರುಪಿನಲ್ಲಿ ಪಾಠ ಶುರುಮಾಡಿದೆ: ಹಿಮದಲ್ಲಿ ಸಿಕ್ಕಿಬಿದ್ದರೆ ಎಂಜಿನ್ ಓಡಿಸುತ್ತ ಕೂರಬೇಡಿ, ಹೊಗೆಯ ಪೈಪು ಹಿಮದಲ್ಲಿ ಮುಚ್ಚಿದರೆ ವಿಷದ ಹೊಗೆ ಒಳಗೇ ಬರುತ್ತದೆ, ಎಂಜಿನ್ ಆಫ್ ಮಾಡಿ, ಈ ಬಟನ್ ಒತ್ತಿ, ಹೀಟರ್ ನಿಮ್ಮನ್ನು ಕಾಯುತ್ತದೆ. ನೀವು ಆ ಬಟನ್ನನ್ನು ಮೂರ್ನಾಲ್ಕು ಸಲ ಮುಟ್ಟಿ ನೋಡಿದಿರಿ. ಆಮೇಲೆ ಕೇಳಿದಿರಿ:

"ಇದು ಟೆಸ್ಟ್ ಆಗಿದೆ ಅಲ್ವಾ ಸರ್?"

"ಆಗೇತ್ರಿ, ಹಮೀದಣ್ಣ. ಆರಾಮ್ ಹೋಗಿ ಬರ್ರಿ."

ಎಷ್ಟು ಸಲೀಸಾಗಿ ಬಂತು ಆ ಮಾತು. ನಾಲಿಗೆ ತಡವರಿಸಲೂ ಇಲ್ಲ. ಹಿಂದಿನ ದಿನದ ರಾಜ ಇನ್ನೂ ಮೈಮೇಲಿದ್ದನೋ ಏನೋ.

ಆ ಗುಡ್ಡದ ರಸ್ತೆಯಲ್ಲಿ ಆದದ್ದನ್ನು ನಿಮ್ಮ ಬಾಯಿಂದಲೇ ಕೇಳಿದ್ದೇನೆ. ಅರ್ಬಾಬ್ ವಿಮಾನದಲ್ಲಿ ಬರುವವನಿದ್ದ, ನೀವು ಮೊದಲೇ ಒಬ್ಬರೇ ಗಾಡಿಯನ್ನು ಮೇಲಿನ ಹೋಟೆಲಿಗೆ ಮುಟ್ಟಿಸಬೇಕಿತ್ತು. ಹಿಮ ಸುರಿದು ರಸ್ತೆ ಮುಚ್ಚಿತು. ನಾನು ಹೇಳಿಕೊಟ್ಟಂತೆಯೇ ಎಂಜಿನ್ ಆಫ್ ಮಾಡಿ ಬಟನ್ ಒತ್ತಿದಿರಿ. ಹೀಟರ್ ಟಿಕ್ ಟಿಕ್ ಎಂದು ನಿಂತಿತು. ಮತ್ತೆ ಒತ್ತಿದಿರಿ. ಗವಸು ಹಾಕಿದರೆ ಬಟನ್ ಸರಿಯಾಗಿ ಒತ್ತುವುದಿಲ್ಲವೇನೋ ಎಂದು ಗವಸು ತೆಗೆದು ಒತ್ತಿದಿರಿ. ಹೊತ್ತಿಕೊಳ್ಳಲು ಹೆಣಗುವಾಗಲೆಲ್ಲ ಆ ಹೀಟರ್ ಬ್ಯಾಟರಿ ತಿನ್ನುತ್ತದೆ. ಕೊನೆಗೆ ಅದನ್ನು ಬಿಟ್ಟು ಎಂಜಿನ್ನಾದರೂ ಹಚ್ಚೋಣ ಎಂದಾಗ ಅದಕ್ಕೂ ಜೀವ ಇರಲಿಲ್ಲ. ಬರಿಗೈಯಲ್ಲೇ ಬಾಗಿಲಿನ ಹಿಮ ಬಗೆದು ಹೊರಗೆ ಬಂದಿರಿ, ಯಾರಾದರೂ ಕಂಡಾರೆಂದು. ಹಿಮ ತೆಗೆಯುವ ಯಂತ್ರದವರು ಬಂದು ಎತ್ತುವಷ್ಟರಲ್ಲಿ ಬೆರಳುಗಳು ಕಪ್ಪಾಗಿದ್ದವು. ಅಲ್ಲಿನ ಆಸ್ಪತ್ರೆಯಲ್ಲಿ ಬಲಗೈಯ ಎಲ್ಲ ಬೆರಳನ್ನೂ ತೆಗೆದರು. ಎಡಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿಯಿತು.

ನೀವಿನ್ನೂ ಅಲ್ಲಿ ಮಲಗಿದ್ದಾಗಲೇ ಗಾಡಿ ದೋಹಾಕ್ಕೆ ಬಂತು. ಹೀಟರ್ ಹತ್ತಲಿಲ್ಲವಂತೆ, ಏನಾಗಿದೆ ನೋಡು ಎಂದು ಅರ್ಬಾಬ್ ನನಗೇ ಒಪ್ಪಿಸಿದ. ಗಾಡಿ ಮೇಲೆತ್ತಿ ಅಡಿಗೆ ಹೋಗಿ ದೀಪ ಹಿಡಿದೆ. ಟೇಪು ಇತ್ತು. ಅಷ್ಟು ದೂರ ಹೋಗಿ, ಅಷ್ಟು ಹಿಮ ಉಂಡು, ಒಂದು ಅಂಚೂ ಬಿಚ್ಚಿರಲಿಲ್ಲ — ನಾನು ಅಷ್ಟು ಬಿಗಿಯಾಗಿ ಸುತ್ತಿದ್ದೆ. ಸುತ್ತ ನೋಡಿದೆ. ಬಿಚ್ಚಿದೆ, ಉಂಡೆ ಮಾಡಿದೆ, ಕಸದ ಡ್ರಮ್ಮಿಗೆ ಹಾಕಿ ಅದರ ಮೇಲೆ ಆಯಿಲ್ ಬಟ್ಟೆಗಳನ್ನು ತುರುಕಿದೆ.

ಅಲ್ಲಿಗೇ ನಿಲ್ಲಲಿಲ್ಲ. ಈ ಸಲ ಶುಕ್ರವಾರ ನನಗೆ ಬಿಡುವಿತ್ತು! ಗಾಡಿಯನ್ನು ಕೋಲ್ಡ್ ಸ್ಟೋರಿಗೆ ಒಯ್ದೆ, ತಣ್ಣಗಾಗಿಸಿದೆ, ಬಟನ್ ಒತ್ತಿದೆ. ಮೊದಲ ಸಲಕ್ಕೇ ಹತ್ತಿಕೊಂಡಿತು. ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು. ಅದನ್ನು ವಿಡಿಯೋ ಮಾಡಿ ಅರ್ಬಾಬನಿಗೆ ಕಳಿಸಿ, "ಮಾಫಿ ಮುಷ್ಕಿಲ್" — ಏನೂ ತೊಂದರೆಯಿಲ್ಲ — ಎಂದು ಬರೆದೆ. ಅವನು ಕೆಟ್ಟವನಲ್ಲ, ನಿಮ್ಮ ಆಸ್ಪತ್ರೆಯ ಖರ್ಚೆಲ್ಲ ಅವನದೇ. ಆದರೆ ಆ ವಿಡಿಯೋ ನೋಡಿದ ಮೇಲೆ ಮಜ್ಲಿಸಿನಲ್ಲಿ — ಅವನ ಮನೆಯ ಅತಿಥಿಗಳ ಚಾವಡಿಯಲ್ಲಿ — ಕೂತ ಗೆಳೆಯರಿಗೆಲ್ಲ ಹೇಳಿದನಂತೆ, ಗಾಡಿ ಸರಿಯಿತ್ತು, ಡ್ರೈವರ್ ಹೆದರಿಬಿಟ್ಟ ಎಂದು. ಖಲಾಸ್, ಮಾತು ಅಲ್ಲಿಗೆ ಮುಗಿಯಿತು. ಒಂದು ಗೀರೂ ಬೀಳದಂತೆ ಅವನ ಮನೆಯ ಗಾಡಿಗಳನ್ನು ಓಡಿಸಿದ, ಅವನ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದ ಹಮೀದನ ಹೆಸರೂ ಅಲ್ಲಿಗೆ ಮುಗಿಯಿತು.

ನೀವು ದೋಹಾಕ್ಕೆ ಮರಳಿ, ಊರಿಗೆ ಹೊರಡುವ ಮುಂಚೆ ನಿಮ್ಮ ರೂಮಿಗೆ ಬಂದೆ. ಕಿತ್ತಳೆ ಹಣ್ಣು ತಂದಿದ್ದೆ — ಸುಲಿದು ತಿನ್ನಲು ನಿಮಗೆ ಬೆರಳಿಲ್ಲ ಎಂಬುದು ಮಂಚದ ಮೇಲೆ ಇಟ್ಟ ಮೇಲೆ ಹೊಳೆಯಿತು. ನೀವೇ ನನ್ನನ್ನು ಸಮಾಧಾನ ಮಾಡಿದಿರಿ. ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ತಲೆ ತಗ್ಗಿಸಿ, "ನೀವು ಅಷ್ಟು ಸರಿ ಮಾಡಿ ಕೊಟ್ಟಿದ್ರಿ ಸರ್. ನಾನೇ ಎಂತದೋ ತಪ್ಪು ಒತ್ತಿದ್ದೇನೆ ಕಾಣ್ತದೆ. ಚಳಿಗೆ ತಲೆ ಓಡ್ಲಿಲ್ಲ. ಅಲ್ವಾ?" ಎಂದು ಕೇಳಿದಿರಿ.

"ಇರಬೌದ್ರಿ, ಹಮೀದಣ್ಣ."

ಇದೇ ಆ ಮಾತು. ಮೊದಲ ಸುಳ್ಳು ಹೇಳುವಾಗ ನನಗೆ ಏನಾಗುವುದೆಂದು ಗೊತ್ತಿರಲಿಲ್ಲ. ಇದನ್ನು ಹೇಳುವಾಗ ಎಲ್ಲ ಗೊತ್ತಿತ್ತು, ನಿಮ್ಮ ಕೈ ನನ್ನ ಕಣ್ಣೆದುರೇ ಇತ್ತು. ನೀವು ಇನ್ನೊಂದು ಸಲ "ಅಲ್ವಾ?" ಎಂದಿದ್ದರೆ ಬಾಯಿಬಿಡುತ್ತಿದ್ದೆನೋ — ಇಲ್ಲ. ಬಿಡುತ್ತಿರಲಿಲ್ಲ. ವೀಸಾ ಹೋಗುತ್ತದೆ, ಮಗಳ ಶಾಲೆ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತ ಕೂತಿದ್ದೆ. ನಿಮಗೂ ಒಬ್ಬ ಮಗಳಿದ್ದಳು.

ಅಂದಿನಿಂದ ನಾಟಕ ಬಿಟ್ಟೆ. ಹಬ್ಬಕ್ಕೆ ನಿಮಗೆ ತಪ್ಪದೆ ಫೋನ್ ಮಾಡಿದೆ. ಅದನ್ನೆಲ್ಲ ದೊಡ್ಡದಾಗಿ ಹೇಳಲು ನಾಚಿಕೆಯಾಗುತ್ತದೆ. ನೀವು ಪ್ರತಿ ಸಲವೂ ಫೋನಿನಲ್ಲಿ ನನಗೆ ಒಳ್ಳೆಯದನ್ನೇ ಬೇಡಿದಿರಿ, ನಾನು ಅದನ್ನೂ ತೆಗೆದುಕೊಂಡೆ. ಕ್ಷಮಿಸಿ ಎಂದು ಕೇಳುತ್ತಿಲ್ಲ. ಕೇಳಿದರೆ ನೀವು ಕ್ಷಮಿಸಿಯೇ ಬಿಡುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು — ಅದಕ್ಕೇ ಕೇಳುತ್ತಿಲ್ಲ.

ಟೇಪು ಕಸದ ಲಾರಿಯಲ್ಲಿ ಹೋಯಿತು. ಈಗ ನನ್ನ ಬಾಯಿಮಾತೊಂದೇ ಸಾಕ್ಷಿ. ಅರ್ಬಾಬನ ಮಜ್ಲಿಸಿಗೆ ನಾಳೆ ಹೋಗುತ್ತೇನೆ, ಅವನ ಗೆಳೆಯರೆಲ್ಲ ಕೂತಿರುವಾಗಲೇ ಹೇಳುತ್ತೇನೆ. ಕೆಲಸ ಹೋಗಬಹುದು, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಹೆಂಡತಿಗೆ ನಿನ್ನೆ ಹೇಳಿದೆ.

ನಿಮ್ಮ ಅಳಿಯನಿಗೆ ಬಟನ್ ಕಲಿಸಲು ಬೇರೆ ಯಾರನ್ನಾದರೂ ನೋಡಿ, ನಾನು ಬೇಡ. ಇನ್ನು ಮೇಲೆ ಆ ಮಕ್ಕಳಿಗೆ ನಿಮ್ಮನ್ನು ನೀವು ದಡ್ಡ ಎಂದು ಹೇಳಿಕೊಳ್ಳಬೇಡಿ. ಕೇಳಿದವರಿಗೆ ನನ್ನ ಹೆಸರು ಹೇಳಿ. ಅಂದು ನಿಮ್ಮ ರೂಮಿನಲ್ಲಿ ಕೊಡಬೇಕಿದ್ದ ಉತ್ತರವನ್ನು ಈಗ ಕೊಡುತ್ತಿದ್ದೇನೆ: ಅಲ್ಲ, ಹಮೀದಣ್ಣ. ನೀವು ಒತ್ತಿದ್ದು ಸರಿಯಾದ ಬಟನ್ನೇ.