ನೊರೆಯಲ್ಲಿ ತೆಗೆದ ಕಬ್ಬಿಣ

ಹೊನ್ನವಳ್ಳಿಯಲ್ಲಿ ನಮ್ಮಕ್ಕನದು ತಟ್ಟೆ ಇಡ್ಲಿ ಹೋಟೆಲು. ಆ ಹೋಟೆಲೊಂದೇ ಅವಳ ಅನ್ನ. ಬೋರಿನ ನೀರಿನಲ್ಲಿ ಮಾತ್ರ ಬರೀ ಕಬ್ಬಿಣ. ಬಂದಾಗ ತಿಳಿಯಾಗಿರುತ್ತದೆ, ಕೊಡದಲ್ಲಿ ಒಂದಿಷ್ಟು ಹೊತ್ತು ಕೂತರೆ ಕೆಂಪು. ಇಡ್ಲಿ ಹಳದಿಗೆ ತಿರುಗುತ್ತಿತ್ತು. ಎದುರಿಗೆ ಹೊಸ ಹೋಟೆಲು ಎದ್ದು, ಬೆಳ್ಳನೆಯ ಇಡ್ಲಿಗೆ ಗಿರಾಕಿಗಳು ಅತ್ತ ಜಾರತೊಡಗಿದರು.

ನಾನು ತಿಪಟೂರಿನಲ್ಲಿ ರಸಾಯನಶಾಸ್ತ್ರದ ಮೇಡಂ. ನೊರೆ ಎಬ್ಬಿಸಿ ನೀರಿನ ಲೋಹವನ್ನು ತೇಲಿಸುವುದನ್ನು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆನೇ ಹೊರತು ಮಾಡಿ ನೋಡಿರಲಿಲ್ಲ. ಡ್ರಮ್ಮಿಗೆ ನೀರು ತುಂಬಿ, ಸ್ವಲ್ಪ ಅಂಟುವಾಳದ ರಸ ಹಾಕಿ, ಮೀನಿನ ತೊಟ್ಟಿಯ ಪಂಪಿನಿಂದ ತಳಕ್ಕೆ ಗಾಳಿ ಬಿಟ್ಟೆ. ಕರಗಿದ್ದ ಕಬ್ಬಿಣ ಗಾಳಿ ತಾಗಿ ಕಣಕಣವಾಯಿತು, ಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ಬಂತು. ಬೆಲ್ಲದ ಪಾಕದ ಕೊಳೆ ತೆಗೆದಂತೆ ಅಕ್ಕ ಆ ಕಂದು ನೊರೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲಿದಳು. ಕಹಿ ಉಳಿಯಬಾರದೆಂದು ನೀರನ್ನು ತೆಂಗಿನ ಚಿಪ್ಪಿನ ಇದ್ದಿಲಲ್ಲಿ ಸೋಸಿದೆವು. ಕಾಲೇಜಿನಲ್ಲಿ ಪರೀಕ್ಷಿಸಿಯೂ ನೋಡಿದೆ. ಇಡ್ಲಿ ಮಲ್ಲಿಗೆಯಂತೆ ಬಂತು.

ನಮ್ಮಕ್ಕನ ಬಾಯಲ್ಲಿ ಯಾವುದೂ ನಿಲ್ಲುವುದಿಲ್ಲ, ಒಳಗೊಂದು ಹೊರಗೊಂದು ಅವಳಿಗೆ ಗೊತ್ತೇ ಇಲ್ಲ. ಕಾಯಿ ವ್ಯಾಪಾರದ ಯಜಮಾನರೊಬ್ಬರು ಇಡ್ಲಿ ಮೆಚ್ಚಿಕೊಂಡದ್ದೇ ತಡ, ಅವರನ್ನು ಹಿತ್ತಲಿಗೆ ಕರೆದೊಯ್ದು ಡ್ರಮ್ಮು, ನೊರೆ, ಅಂಟುವಾಳ ಎಲ್ಲ ತೋರಿಸಿದಳು. ನನ್ನ ತಂಗಿ ಮಾಡಿದ್ದು ಎಂದು ಬೀಗಿದಳು. ಯಜಮಾನರು ಮುಖ ಕಿವುಚಿದರು.

"ತಲೆ ತೊಳ್ಯೋ ನೀರಲ್ಲಿ ಇಡ್ಲಿ ಮಾಡ್ತೀಯೇನಮ್ಮ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಹಾಗಾಯಿತು. ಸಂಜೆಯೊಳಗೆ ಮಾತು ಊರೆಲ್ಲ ಸುತ್ತಿತು. ಪರೀಕ್ಷೆ ಮಾಡಿದ್ದೇನೆ, ಏನೂ ಉಳಿದಿಲ್ಲ ಎಂದು ನಾನು ಗಂಟಲು ಹರಿದುಕೊಂಡೆ. ಯಾರು ಕೇಳುತ್ತಾರೆ, ನನ್ನ ಕರ್ಮ. ಬೆಂಚುಗಳು ಖಾಲಿ ಹೊಡೆದವು. ಕೊನೆಗೆ ಅಕ್ಕ ಎಲ್ಲರ ಕಣ್ಣೆದುರೇ ಡ್ರಮ್ಮನ್ನು ಗುಜರಿಯವನಿಗೆ ಕೊಟ್ಟು ಕೆಂಪು ನೀರಿಗೇ ಮರಳಿದಳು. ಹಳಬರಲ್ಲಿ ಅರ್ಧ ಜನ ವಾಪಸು ಬಂದರು. ಹಳದಿ ಇಡ್ಲಿ ತಿಂದು, ಈಗ ರುಚಿ ಬಂತು ನೋಡು ಎಂದರು. ನನ್ನ ಹೊಟ್ಟೆ ಉರಿದುಹೋಯಿತು.

"ನಿನ್ ನೀರು ಚೆನ್ನಾಗೇ ಇತ್ತು ಕಣೇ," ಅಂದಳು ಅಕ್ಕ ಪಾತ್ರೆ ತೊಳೆಯುತ್ತಾ. "ನಾನೇ ಬಾಯಿ ಬುಡಬಾರದಿತ್ತು."

ಅವಳ ಆ ಮಾತೇ ನನ್ನನ್ನು ಹೆಚ್ಚು ನೋಯಿಸಿದ್ದು. ಹೋಟೆಲು ಹೇಗೋ ನಡೆಯುತ್ತಿದೆ. ಆದರೆ ಈಗ ನಾನು ಹೋದಾಗ ಯಾರಾದರೂ ಏನಾದರೂ ಕೇಳಿದರೆ, ಎಷ್ಟೇ ಸಣ್ಣ ಮಾತಾದರೂ ಸರಿ, ಅಕ್ಕ ಉತ್ತರ ಕೊಡುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತಾಳೆ.