ಅಡುಗೆಕಟ್ಟೆಯ ಸರ್

ಕಚೇರಿಯಲ್ಲಿ ಸಾಫ್ಟ್‌ವೇರ್ ಬರೆಯುವ ಆಕೆ ತನ್ನ ಬ್ಲಾಗ್ ಬರೆಯುವುದು ಅಡುಗೆಕಟ್ಟೆಯ ಮುಂದೆ, ನಿಂತೇ. ಕೂತರೆ ಯಾರಾದರೂ ಕರೆಯುತ್ತಾರೆ. ಒಂದು ಸಾಲು ಬರೆದು ಹಾಲು ಇಳಿಸುವಷ್ಟರಲ್ಲಿ "ಟವೆಲ್ ಎಲ್ಲಿ ಹೋಯ್ತೇ?" ಎಂದು ಗಂಡ ಕೂಗುತ್ತಾನೆ, ಅದು ಅವನ ಹೆಗಲ ಮೇಲೇ ಇರುತ್ತದೆ. ಇನ್ನೊಂದು ಸಾಲಿಗೆ "ಅಮ್ಮಾ, ಕಾಲುಚೀಲ ಒಂದೇ ಇದೆ" ಎಂದು ಮಗಳು. ಬ್ಲಾಗಿನಲ್ಲಿ ಹೆಸರು ಹಾಕಿಲ್ಲವಾದ್ದರಿಂದ ಓದುಗರಿಗೆಲ್ಲ ಆಕೆ 'ಸರ್', ತಿದ್ದಲು ಬಿಡುವಾಗಿಲ್ಲ. ಟೀಕೆ ಬಂದರೆ ಮಾತ್ರ ಒದ್ದೆಗೈಯಲ್ಲೇ ಉತ್ತರ ಕೊಡುತ್ತಾಳೆ. ಮೊದಲ ಬರಹದಿಂದಲೂ ಓದುತ್ತಿರುವ ಒಬ್ಬ ಇವತ್ತು ಬರೆದಿದ್ದ: "ಸರ್, ಮಾತು ನಡುನಡುವೆ ತುಂಡಾಗುತ್ತೆ. ಹೀಗಾದ್ರೆ ಓದೋದು ಬಿಡ್ತೀನಿ. ಮನೆಕೆಲಸ ಹೆಂಡತಿಗೆ ಬಿಟ್ಟು, ಬಾಗಿಲು ಹಾಕ್ಕೊಂಡು ಬರೀರಿ." ಆಕೆ ಬರಹ ತೆರೆದು ನೋಡಿದಳು. ತುಂಡಾದ ಜಾಗಗಳ ಗುರುತೆಲ್ಲ ಸಿಕ್ಕಿತು: ಇಲ್ಲಿ ಹಾಲು, ಇಲ್ಲಿ ಟವೆಲ್, ಇಲ್ಲಿ ಕಾಲುಚೀಲ. ಒಂದನ್ನೂ ತಿದ್ದದೆ ಉತ್ತರಿಸಿದಳು: "ಹೆಂಡತಿಗೆ ಹೇಳಿ ನೋಡಿದೆ. ಅವಳಿಗೆ ಪುರುಸೊತ್ತಿಲ್ಲ."